ವಾದ್ಯಕ್ಕೆಂದು ಬರೆದುದನ್ನು ಕಂಠವು ಹಾಡಬಾರದೆ?

ಪಾಶ್ಚಾತ್ಯ ಸಂಗೀತದಲ್ಲಿ ಆಸಕ್ತಿಯುಳ್ಳ ನಮ್ಮ ಮಹನೀಯರಲ್ಲಿ ಕೆಲವರಿಗೆ ಒಂದು ವಿಚಿತ್ರವಾದ ಮಡಿ ಅಂಟಿಕೊಂಡಿದೆ. ಯೋಹಾನ್ ಸೆಬಾಸ್ಟಿಯನ್ ಬಾಖನ ಕೃತಿಯೆಂದರೆ ಅದನ್ನು ಅವನು ಗೊತ್ತುಮಾಡಿದ ವಾದ್ಯದಲ್ಲಿಯೇ, ಬರೆದಿಟ್ಟ ನಡೆಯಲ್ಲಿಯೇ ನುಡಿಸತಕ್ಕದ್ದು. ಕೇಳುವವರು ಉಸಿರು ಬಿಗಿಹಿಡಿದು ಕೇಳತಕ್ಕದ್ದು. ಅದನ್ನು ಯಾರಾದರೂ ಬಾಯಿಬಿಟ್ಟು ಹಾಡಿದರೆ, ಅದರಲ್ಲಿಯೂ ಜಾಝಿನ ತೂಗಾಟವನ್ನು ಬೆರಸಿ ಹಾಡಿದರೆ, ಅದು ಮೆಟ್ಟು ಕಳಚದೆ ದೇವರ ಮನೆಗೆ ನುಗ್ಗಿದಷ್ಟೇ ಅಪಚಾರವೆಂಬುದು ಇವರ ಮತ. ಪ್ಯಾರಿಸಿನಲ್ಲಿ ಹುಟ್ಟಿದ ಸ್ವಿಂಗಲ್ ಸಿಂಗರ್ಸ್ ಎಂಬ ಗಾಯಕವೃಂದದ ಹೆಸರನ್ನೆತ್ತಿದರೆ ಸಾಕು, ಇವರ ಹುಬ್ಬು ಗಂಟಿಕ್ಕುತ್ತದೆ. ಇದು ಕೇವಲ ಅಭಿರುಚಿಯ ಭೇದವಾಗಿದ್ದ ಪಕ್ಷದಲ್ಲಿ ನಾವು ಲೇಖನಿಯನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲ. ಒಬ್ಬನಿಗೆ ಹಿಡಿಸಿದುದು ಇನ್ನೊಬ್ಬನಿಗೆ ಹಿಡಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ಆದರೆ ಈ ಮತವು ಶಾಸ್ತ್ರದ ವೇಷದಲ್ಲಿ, ಚರಿತ್ರೆಯೆಲ್ಲ ತನ್ನ ಬೆನ್ನಿಗಿದೆಯೆಂಬ ಠೀವಿಯಿಂದ ಬರುತ್ತದೆ. ಪಿಯಾನೋ ಕಲಿಯುತ್ತಿರುವ ನಮ್ಮ ಮನೆಗಳ ಮಕ್ಕಳ ಕಿವಿಯ ಮೇಲೂ ಬೀಳುತ್ತದೆ. ಚರಿತ್ರೆಯಾದರೋ ಇವರ ಪಕ್ಷದಲ್ಲಿಲ್ಲ. ಅದನ್ನು ಇಲ್ಲಿ ತೋರಿಸಬೇಕಾಗಿದೆ.

ಸಂಗತಿಯನ್ನರಿಯದ ವಾಚಕರಿಗಾಗಿ ಮೊದಲು ಕೆಲವು ಮಾತು. ವಾರ್ಡ್ ಸ್ವಿಂಗಲನು ಅಮೆರಿಕದ ಅಲಬಾಮ ಸಂಸ್ಥಾನದ ಮೊಬೀಲ್ ಪಟ್ಟಣದಲ್ಲಿ 1927ರಲ್ಲಿ ಹುಟ್ಟಿದವನು. ಸಿನ್ಸಿನಾಟಿಯ ಸಂಗೀತಶಾಲೆಯಲ್ಲಿ ಓದಿ, ಯೂರೋಪಿಗೆ ಬಂದು, ವಾಲ್ಟರ್ ಗೀಸೆಕಿಂಗನಂಥ ಪ್ರಖ್ಯಾತ ಪಿಯಾನೋ ವಿದ್ವಾಂಸನಲ್ಲಿ ಶಿಕ್ಷಣ ಪಡೆದು, ಪ್ಯಾರಿಸಿನಲ್ಲಿ ನೆಲೆನಿಂತನು. ಅಲ್ಲಿ ಅವನೂ ಅವನ ಸಂಗಡಿಗರೂ ಜೀವನೋಪಾಯಕ್ಕೆ ಮಾಡುತ್ತಿದ್ದ ಕೆಲಸವು ಎಡಿತ್ ಪಿಯಾಫ್, ಷಾರ್ಲ್ ಅಜ್ನವೂರ್ ಮೊದಲಾದ ಜನಪ್ರಿಯ ಗಾಯಕರ ಹಿಂದೆ ನಿಂತು “ಊ”, “ಆ” ಎಂದು ದನಿಗೂಡಿಸುವುದು. ವಿದ್ಯೆಯುಳ್ಳವರಿಗೆ ಇಂಥ ಕೆಲಸದಲ್ಲಿ ಎಷ್ಟು ದಿನ ಮನಸ್ಸು ನಿಂತೀತು? ಸ್ವರಲಿಪಿಯನ್ನು ಕಂಡ ಕೂಡಲೆ ಹಾಡುವ ಅಭ್ಯಾಸವಾದರೂ ಆಗಲೆಂದು ಅವರು ಬಾಖನ “ವೆಲ್-ಟೆಂಪರ್ಡ್ ಕ್ಲೇವಿಯರ್” ಸಂಪುಟವನ್ನು ಮುಂದಿಟ್ಟುಕೊಂಡು, ಕೈಬೆರಳುಗಳಿಗೆಂದು ಬರೆದ ಎಳೆಗಳನ್ನು ಗಂಟಲುಗಳಿಗೆ ಹಂಚಿಕೊಂಡು ಹಾಡತೊಡಗಿದರು. ಹಾಡುತ್ತ ಹಾಡುತ್ತ ಆ ಸ್ವರಗಳು ತಾವಾಗಿಯೇ ತೂಗುವಂತೆ ತೋರಿತು. 1962ರಲ್ಲಿ ತಂಡ ಕೂಡಿತು. 1963ರಲ್ಲಿ ಫಿಲಿಪ್ಸ್ ಕಂಪನಿಯವರು “ಜಾಝ್ ಸೆಬಾಸ್ಟಿಯನ್ ಬಾಖ್” ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಅದು ಅಮೆರಿಕದಲ್ಲಿ ಬೇರೆ ಹೆಸರಿನಿಂದ ಪ್ರಕಟವಾಗಿ, 1964ರಲ್ಲಿ ತಂಡಕ್ಕೆ ಎರಡು ಗ್ರಾಮಿ ಪಾರಿತೋಷಕಗಳು ದೊರೆತುವು.

ತಂಡದಲ್ಲಿ ಎಂಟು ಕಂಠ: ಸ್ತ್ರೀಯರ ಏರುಕಂಠ ಎರಡು, ಇಳಿಕಂಠ ಎರಡು, ಪುರುಷರಲ್ಲಿಯೂ ಹಾಗೆಯೇ. ಮುಂದಾಳಾಗಿ ಹಾಡಿದವಳು ಕ್ರಿಸ್ತಿಯಾನ್ ಲೆಗ್ರಾಂ. ಸಂಗೀತರಚಕನಾದ ಮಿಷೆಲ್ ಲೆಗ್ರಾಂ ಈಕೆಯ ತಮ್ಮ. ಬೆಂಬಲಕ್ಕೆ ಬೆರಳಿನಿಂದ ಮೀಟುವ ಡಬಲ್ ಬೇಸ್ ಎಂಬ ದೊಡ್ಡ ಪಿಟೀಲೊಂದು, ಡ್ರಮ್ಮಿನ ಮೆಲುದನಿಯೊಂದು. ಇವರು ಬಾಖನ ಸ್ವರಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಇಟ್ಟುಕೊಂಡರು. ಮನೋಧರ್ಮದ ವಿಸ್ತಾರಕ್ಕೆ ಎಡೆಗೊಡಲಿಲ್ಲ. ಸಾಹಿತ್ಯವನ್ನು ಕಟ್ಟಿ ಕೂಡಿಸಲಿಲ್ಲ. “ದ”, “ಬ”, “ದು” ಎಂಬಂಥ ಅಕ್ಷರಗಳನ್ನು ಮೈಕ್ರೊಫೋನಿನ ಹತ್ತಿರ ನಿಂತು, ಗಂಟಲನ್ನು ಕುಲುಕಿಸದೆ, ಮೆಲ್ಲಗೆ ಉಚ್ಚರಿಸಿದರು. ಸಮನಾಗಿ ಬರೆದ ಜೋಡಿಸ್ವರಗಳನ್ನು ಮೊದಲನೆಯದು ತುಸು ನಿಡಿದು, ಎರಡನೆಯದು ತುಸು ಮೊಟಕು ಆಗುವಂತೆ ಹಾಡಿದರು. ನಡೆದ “ಅಪರಾಧ”ವೆಲ್ಲ ಇಷ್ಟೆ.

ಇನ್ನು ಪೂರ್ವಪಕ್ಷ. ವಾದ್ಯದ ಭಾಷೆಯೇ ಬೇರೆ, ಕಂಠದ ಭಾಷೆಯೇ ಬೇರೆ. ಹಾರ್ಪ್ಸಿಕಾರ್ಡಿಗೆ ಸಲ್ಲುವ ಹಾರುವಿಕೆ, ಓಟ, ಒಡೆದ ಸ್ವರಪುಂಜಗಳನ್ನು ಮನುಷ್ಯನ ಬಾಯಿಗೆ ತುರುಕುವುದು ಸ್ವಭಾವವಿರುದ್ಧವೆಂದು ಇವರು ವಾದಿಸುತ್ತಾರೆ. ಮೇಲುನೋಟಕ್ಕೆ ಇದು ತೂಕವಾದ ಮಾತೆಂದೇ ತೋರುತ್ತದೆ. ಆದರೆ ಬಾಖನ ಫ್ಯೂಗ್ ಎಂಬ ರಚನೆಯನ್ನು ನೋಡಿ. ಒಂದು ಚಿಕ್ಕ ಸ್ವರವಾಕ್ಯವನ್ನು ಒಂದು ಎಳೆ ಒಂಟಿಯಾಗಿ ನುಡಿಯುತ್ತದೆ. ಅದು ನುಡಿದು ಮುಗಿಸುವ ಹೊತ್ತಿಗೆ ಎರಡನೆಯದು ಅದೇ ವಾಕ್ಯವನ್ನು ಬೇರೊಂದು ಸ್ಥಾನದಿಂದ ಎತ್ತಿಕೊಳ್ಳುತ್ತದೆ; ಮೊದಲನೆಯದು ಸುಮ್ಮನಾಗದೆ ಎದುರುಮಾತಾಡುತ್ತದೆ; ಮೂರನೆಯದು, ನಾಲ್ಕನೆಯದು ಬಂದು ಸೇರುತ್ತವೆ. ಈ ಎಳೆಗಳನ್ನು ಜರ್ಮನರು ಏನೆಂದು ಕರೆಯುತ್ತಾರೆ? “ಕಂಠ” ಎಂದೇ ಕರೆಯುತ್ತಾರೆ. ಹತ್ತು ಬೆರಳುಗಳಿಂದ ಬಾರಿಸುವ ಕೃತಿಗೂ “ನಾಲ್ಕು ಕಂಠಗಳ ಫ್ಯೂಗ್” ಎಂದೇ ಹೆಸರು. ಹಲವು ಎಳೆಗಳನ್ನು ಹೆಣೆಯುವ ಈ ವಿದ್ಯೆಯು ಚರ್ಚಿನ ಗಾಯಕರ ಬಾಯಲ್ಲಿ ಬೆಳೆದು, ಆ ಬಳಿಕ ಆರ್ಗನ್ನಿನ ಮನೆಗಳ ಮೇಲಕ್ಕೆ ಬಂದುದು. ಹೀಗಿರುವಲ್ಲಿ, ವಾದ್ಯದಿಂದ ಕಂಠಕ್ಕೆ ತಂದವನು ಹೆಣ್ಣನ್ನು ಅವಳ ತವರಿಗೆ ಕರೆತಂದಂತಾಯಿತೇ ಹೊರತು ಕದ್ದೊಯ್ದಂತಾಗಲಿಲ್ಲ.

ಬಾಖನ ಸ್ವಂತ ಮಾತೂ ಇದಕ್ಕೆ ಸಾಕ್ಷಿಯಾಗಿದೆ. ಎರಡು ಮೂರು ಎಳೆಗಳ ಚಿಕ್ಕ ರಚನೆಗಳನ್ನು ಅವನು 1723ರಲ್ಲಿ ನೆರವಾಗಿ ಬರೆದಿಟ್ಟ ಹಸ್ತಪ್ರತಿಯ ಮೊದಲ ಪುಟದಲ್ಲಿ, ಇವುಗಳಿಂದ ಕಲಿಯುವವನು ಬೇರೆ ಎಲ್ಲಕ್ಕಿಂತ ಹೆಚ್ಚಾಗಿ ಹಾಡಿನಂತೆ ನುಡಿಸುವ ರೀತಿಯನ್ನು ಪಡೆಯಬೇಕೆಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ಕಾಣಿಸಿದ್ದಾನೆ. ಗುರುವು ಬೆರಳಿಗೆ ಗಂಟಲನ್ನು ಆದರ್ಶವಾಗಿಟ್ಟನು. ಶಿಷ್ಯಪರಂಪರೆಯವರು ಗಂಟಲಿಗೆ ಬಹಿಷ್ಕಾರ ಹಾಕುತ್ತಿದ್ದಾರೆ! ಇನ್ನು “ಫ್ಯೂಗಿನ ಕಲೆ” ಎಂಬ ಅವನ ಕೊನೆಯ ಕಾಲದ ಮಹಾಕೃತಿ, ಅವನು ತೀರಿಕೊಂಡ ಮರುವರ್ಷ, 1751ರಲ್ಲಿ, ಅಚ್ಚಾಯಿತು. ಎಳೆಗೊಂದು ಸಾಲಿನಂತೆ ಬಿಡಿಬಿಡಿಯಾಗಿ ಅಚ್ಚಾದ ಆ ಗ್ರಂಥದಲ್ಲಿ ಯಾವ ವಾದ್ಯದ ಹೆಸರೂ ಇಲ್ಲ. ಸ್ವಿಂಗಲನ ಮೊದಲ ಮುದ್ರಿಕೆಯಲ್ಲಿ ಈ ಗ್ರಂಥದ ಒಂದು ಫ್ಯೂಗ್ ಇದೆ. ಹೆಸರಿಸದ ವಾದ್ಯದಿಂದ ಕೃತಿಯನ್ನು ಕಸಿದುಕೊಂಡನೆಂದು ಅವನ ಮೇಲೆ ಯಾವ ನ್ಯಾಯಸ್ಥಾನದಲ್ಲಿ ದೂರು ಕೊಡುವುದು?

ಕಿವಿಯ ಸಾಕ್ಷ್ಯವೂ ಒಂದುಂಟು. ಹಾರ್ಪ್ಸಿಕಾರ್ಡಿನಲ್ಲಿ ನಾಲ್ಕು ಎಳೆಗಳಿಗೂ ಒಂದೇ ತಂತಿಯ ಬಣ್ಣ; ನಡುವಿನ ಎಳೆಯೊಂದು ಮುಖ್ಯವಾಕ್ಯವನ್ನು ಹೊತ್ತು ಬಂದಾಗ ಅದನ್ನು ಗುರುತಿಸುವುದು ಪಳಗಿದ ಕಿವಿಗೂ ಶ್ರಮದ ಕೆಲಸ. ಎಂಟು ಜನರ ಬಾಯಲ್ಲಿ ಆ ನಡುವಿನ ಎಳೆಗೆ ಒಂದು ಮುಖ ಬರುತ್ತದೆ. ಇಳಿಕಂಠದ ಸ್ತ್ರೀಯೊಬ್ಬಳು ಬಾಗಿಲಿನಿಂದ ಒಳಗೆ ಬಂದಂತೆ ಆ ವಾಕ್ಯ ಒಳಗೆ ಬರುತ್ತದೆ. ಉಸಿರಿಗೆ ಎಡೆಯೆಲ್ಲಿ ಎಂದು ಕೇಳುವವರಿದ್ದಾರೆ. ನಾಲ್ಕು ಎಳೆಯ ಕೃತಿಯಲ್ಲಿ ಎಳೆಗಿಬ್ಬರು ಹಾಡುವುದರಿಂದ, ಒಬ್ಬರು ಉಸಿರೆಳೆಯುವಾಗ ಮತ್ತೊಬ್ಬರು ಸ್ವರವನ್ನು ಹಿಡಿದಿರಬಹುದು. ನಮ್ಮ ನಾಗಸ್ವರದವರ ಹಿಂದೆ ಶ್ರುತಿಯೂದುವವನಿಗೂ ಉಸಿರಿನ ಉಪಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇವೆಲ್ಲವನ್ನೂ ಒಪ್ಪಿಕೊಂಡು, “ಆದರೂ ರಚಕನು ಗೊತ್ತುಮಾಡಿದ ವಾದ್ಯವನ್ನು ಬದಲಿಸಲು ಪರರಿಗೆ ಅಧಿಕಾರವೆಲ್ಲಿ?” ಎನ್ನುವವರುಂಟು. ಈ ಅಧಿಕಾರವನ್ನು ಬಾಖನು ಯಾರಿಂದ ಪಡೆದನೋ ಅವರಿಂದಲೇ ಸ್ವಿಂಗಲನೂ ಪಡೆದನೆಂದು ಉತ್ತರ. ಇಟಲಿಯ ವಿವಾಲ್ದಿ ನಾಲ್ಕು ಪಿಟೀಲುಗಳಿಗೆ ಬರೆದ ಕಾನ್ಸರ್ಟೋ ಒಂದನ್ನು ಬಾಖನು ಶ್ರುತಿ ಬದಲಿಸಿ ನಾಲ್ಕು ಹಾರ್ಪ್ಸಿಕಾರ್ಡುಗಳಿಗೆ ತಿರುಗಿಸಿದನು. ಅದೇ ರಚಕನ ಬೇರೆ ಕಾನ್ಸರ್ಟೋಗಳನ್ನು ಆರ್ಗನ್ನಿಗೆ ತಂದನು. ತನ್ನ ಕೃತಿಗಳಿಗೂ ಇದೇ ಗತಿ. ಒಂಟಿ ಪಿಟೀಲಿಗೆಂದು ಬರೆದ ಪಾರ್ಟಿಟಾ ಒಂದರ ಪೀಠಿಕೆಯನ್ನು 1731ರಲ್ಲಿ ಲೈಪ್‌ಜಿಗ್ ನಗರಸಭೆಯ ಉತ್ಸವದ ಕಾಂಟಾಟಾಕ್ಕೆ ಎತ್ತಿಕೊಂಡು, ಪಿಟೀಲಿನ ಭಾಗವನ್ನು ಆರ್ಗನ್ನಿಗೆ ಕೊಟ್ಟು, ಸುತ್ತಲೂ ವಾದ್ಯವೃಂದವನ್ನು ನಿಲ್ಲಿಸಿ, ಮೂರು ತುತ್ತೂರಿಗಳನ್ನೂ ನಗಾರಿಗಳನ್ನೂ ಸೇರಿಸಿದನು. ಒಂಟಿ ಪಿಟೀಲಿಗೆ ನಗಾರಿ! ಇಂದು ಪ್ಯಾರಿಸಿನ ಯಾವನಾದರೂ ಈ ಕೆಲಸವನ್ನು ಮೊದಲ ಬಾರಿಗೆ ಮಾಡಿದ್ದರೆ ನಮ್ಮ ಮಡಿವಂತರು ಮೂರು ದಿನ ಅನ್ನ ಬಿಡುತ್ತಿದ್ದರು.

ಇದಕ್ಕಿಂತಲೂ ನೇರವಾದ ದೃಷ್ಟಾಂತವು 1725ರ ಕ್ರಿಸ್ಮಸ್ ದಿನದ ಕಾಂಟಾಟಾ. ಈಗಿನ ಪಟ್ಟಿಗಳಲ್ಲಿ ಅದರ ಸಂಖ್ಯೆ 110. ಬಾಯಿತುಂಬ ನಗುವನ್ನು ಹೇಳುವ ಕೀರ್ತನೆಯ ವಾಕ್ಯವೊಂದು ಅದಕ್ಕೆ ಆಧಾರ. ಅದರ ಆರಂಭಕ್ಕೆ ಬಾಖನು ಹೊಸ ಸಂಗೀತವನ್ನು ಬರೆಯಲಿಲ್ಲ. ವಾದ್ಯವೃಂದಕ್ಕೆಂದು ತಾನು ಬರೆದಿದ್ದ ಓವರ್ಚರ್ ಒಂದನ್ನು ತೆಗೆದುಕೊಂಡು, ಅದರ ಮೊದಲ ವಿಳಂಬಭಾಗವನ್ನು ವಾದ್ಯಗಳಿಗೇ ಬಿಟ್ಟು, ನಡುವಿನ ದ್ರುತವಾದ ಫ್ಯೂಗಿನ ಮೇಲೆ ಗಾಯಕರನ್ನು ಹತ್ತಿಸಿದನು. ಪಿಟೀಲುಗಳ ಓಟವನ್ನು ಬಾಯಿಗಳು ಓಡುತ್ತವೆ. “ನಗು” ಎಂಬ ಮಾತು ಒಂದು ಸ್ವರಾಕ್ಷರದ ಮೇಲೆ ಎಷ್ಟೋ ಸ್ವರಗಳಾಗಿ ಒಡೆದು, ಮಾತು ಮರೆಯಾಗಿ ನಗುವಷ್ಟೇ ಉಳಿಯುತ್ತದೆ. ಬರೋಕ್ ಕಾಲದ ವಾದ್ಯಸಂಗೀತವನ್ನು ಗಾಯಕವೃಂದಕ್ಕೆ ಅಳವಡಿಸಿದವರ ಸಾಲಿನಲ್ಲಿ ಸ್ವಿಂಗಲನು ಮೊದಲಿಗನಲ್ಲವೆಂಬುದಕ್ಕೆ ಇನ್ನೇನು ಬೇಕು?

“ಅಲ್ಲಿ ದೇವರ ವಾಕ್ಯವಿತ್ತು; ಇಲ್ಲಿ ದಬದಬ ಎಂಬ ಗದ್ದಲವಿದೆ” ಎಂಬುದು ಮುಂದಿನ ಆಕ್ಷೇಪ. ಅರ್ಥವಿಲ್ಲದ ಅಕ್ಷರವೆಂದರೆ ಬೆಲೆಯಿಲ್ಲದ ಅಕ್ಷರವೆಂದು ಕನ್ನಡನಾಡಿನವರು ಹೇಳುವುದು ಮಾತ್ರ ಬಲು ಆಶ್ಚರ್ಯ. ತಿಲ್ಲಾನವನ್ನು ಕೇಳಿ ತಲೆದೂಗುವಾಗ “ಧೀಂ” ಎಂಬುದಕ್ಕೆ ನಿಘಂಟನ್ನು ಹುಡುಕಿದವರುಂಟೆ? ಅಲ್ಲಿ ಅಕ್ಷರವು ಮೃದಂಗದ ಪೆಟ್ಟನ್ನು ನಾಲಗೆಗೆ ತರುತ್ತದೆ. ಸ್ವಿಂಗಲನ “ದ” ಎಂಬುದು ಹಾರ್ಪ್ಸಿಕಾರ್ಡಿನ ತಂತಿಯನ್ನು ಮೀಟುವ ಕಡ್ಡಿಯ ಕೆಲಸವನ್ನು ಮಾಡುತ್ತದೆ. “ಬ” ಎಂಬುದು ಮೃದುವಾದ ಮೀಟು. ಸ್ವರದ ಆರಂಭ ಎಷ್ಟು ಚೂಪಾಗಿರಬೇಕು, ಯಾವುದು ಒತ್ತಿ ಬರಬೇಕು, ಯಾವುದು ಜಾರಿಕೊಂಡು ಬರಬೇಕು ಎಂಬುದೆಲ್ಲ ಈ ಅಕ್ಷರಗಳ ಆಯ್ಕೆಯಲ್ಲಿಯೇ ನಿರ್ಣಯವಾಗುತ್ತದೆ. ಇದು ಬಾಯಿಗೆ ಬಂದಂತೆ ಒದರಿದುದಲ್ಲ.

ಸಾಹಿತ್ಯವನ್ನು ಕೂಡಿಸಿದ್ದರೆ ಆಗುತ್ತಿದ್ದ ಅನಾಹುತಕ್ಕೂ ದೃಷ್ಟಾಂತವಿದೆ. “ವೆಲ್-ಟೆಂಪರ್ಡ್ ಕ್ಲೇವಿಯರ್” ಸಂಪುಟದ ಮೊದಲನೆಯ ಪ್ರೆಲ್ಯೂಡಿನ ಮೇಲೆ ಫ್ರಾನ್ಸಿನ ಗೂನೊ ಎಂಬವನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತನ್ನದೊಂದು ಸುದೀರ್ಘ ರಾಗವನ್ನು ಹರಡಿದನು. ಅದಕ್ಕೆ “ಆವೆ ಮರಿಯ” ಎಂಬ ಪ್ರಾರ್ಥನೆಯ ಮಾತುಗಳೂ ಬಂದು ಸೇರಿದುವು. ಬಾಖನ ಇಡೀ ಕೃತಿ ಅಲ್ಲಿ ಪಕ್ಕವಾದ್ಯದ ಸ್ಥಾನಕ್ಕಿಳಿಯಿತು. ಇಂದಿಗೂ ಅದು ಮದುವೆಗಳಲ್ಲಿ ನಡೆಯುತ್ತಿದೆ. ಅದನ್ನು ಕೇಳಿ ಕಣ್ಣೊರಸಿಕೊಳ್ಳುವವರು ಮಡಿ ಕೆಟ್ಟಿತೆಂದು ಎಲ್ಲಿಯೂ ದೂರುವುದಿಲ್ಲ. ಸ್ವಿಂಗಲನು ಅದೇ ಪ್ರೆಲ್ಯೂಡನ್ನು ಹಾಡಿಸಿದಾಗ ಗೂನೊವಿನ ರಾಗವನ್ನು ದೂರವಿಟ್ಟನು. ಬಾಖನಿಗೆ ಹೆಚ್ಚು ನಿಷ್ಠೆ ತೋರಿಸಿದವರು ಇವರಲ್ಲಿ ಯಾರು? ಪರದೇಶದ ವಾದ್ಯದ ಮಟ್ಟಿಗೆ ಮಾತು ಹೊಂದಿಸಿ ಹಾಡಾಗಿಸುವುದರಲ್ಲಿ ನಮ್ಮವರ ಕೈವಾಡವೂ ಇಲ್ಲದಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕಟ್ಟಿದ ನೋಟ್ಟುಸ್ವರಗಳನ್ನು ಇಂದಿಗೂ ಮಕ್ಕಳಿಗೆ ಕಲಿಸುತ್ತೇವೆ. ದೀಕ್ಷಿತರ ಮಡಿಗೆ ಅದರಿಂದ ಕುಂದು ಬಂದಿತೆಂದು ಯಾರೂ ಹೇಳಿಲ್ಲ.

ಲಯದ ವಿಷಯದಲ್ಲಿ ಎದುರಾಳಿಗಳ ಮಾತಿಗೆ ಸ್ವಲ್ಪ ಬಲವಿದೆಯೆಂದು ಒಪ್ಪತಕ್ಕದ್ದೇ. ಸಮವಾಗಿ ಬರೆದುದನ್ನು ವಿಷಮವಾಗಿ ನುಡಿಸುವುದು ಅಮೆರಿಕದ ಜಾಝಿನವರು ಹೊಸದಾಗಿ ಕಂಡುಹಿಡಿದುದೇನೂ ಅಲ್ಲ. ಫ್ರಾನ್ಸಿನ ಕೂಪ್ರಾಂ 1716ರಲ್ಲಿ ಪ್ರಕಟಿಸಿದ ಹಾರ್ಪ್ಸಿಕಾರ್ಡ್ ವಾದನದ ಗ್ರಂಥದಲ್ಲಿ, ತಮ್ಮ ದೇಶದವರು ಬರೆಯುವುದೊಂದು ನುಡಿಸುವುದೊಂದು ಎಂದು ಒಪ್ಪಿಕೊಂಡು, ಸಮನಾಗಿ ಬರೆದ ಸ್ವರಗಳನ್ನು ಹ್ರಸ್ವದೀರ್ಘಗಳಾಗಿ ನುಡಿಸುವ ಪದ್ಧತಿಯನ್ನು ತಿಳಿಸಿದ್ದಾನೆ. ಈ ಪದ್ಧತಿಯು ಬಾಖನಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದರಲ್ಲಿ ವಿದ್ವಾಂಸರಲ್ಲಿ ಏಕಮತ್ಯವಿಲ್ಲ. ಫ್ರೆಂಚರ ವಿಷಮತೆಯು ವಾದಕನ ರುಚಿಯನ್ನನುಸರಿಸಿ ಹೆಚ್ಚುಕಡಮೆಯಾಗುತ್ತಿತ್ತು. ಜಾಝಿನದಾದರೋ ಗಡಿಯಾರದ ಮೇಲೆ ಕುಳಿತಂತೆ ಮೊದಲಿನಿಂದ ಕೊನೆಯವರೆಗೆ ನಡೆಯುತ್ತದೆ. ಎರಡೂ ಒಂದೇ ಎಂದು ನಾವು ಸಾಧಿಸಹೊರಟಿಲ್ಲ. ಕಾಗದದ ಮೇಲಿನ ಸಮತೆಯೇ ಪವಿತ್ರವೆಂಬ ನಂಬಿಕೆ ಬಾಖನ ಕಾಲದಲ್ಲಿ ಇರಲಿಲ್ಲವೆಂಬಷ್ಟನ್ನು ಮಾತ್ರ ಹೇಳುತ್ತೇವೆ.

ಡ್ರಮ್ಮಿನ ಪರವಾಗಿ ವಕಾಲತ್ತು ವಹಿಸಲು ನಮಗೂ ಮನಸ್ಸಿಲ್ಲ. ಬಾಖನ ಸ್ವರಗಳಲ್ಲಿಯೇ ಲಯ ತುಂಬಿ ತುಳುಕುತ್ತಿರುವಾಗ, ಪಕ್ಕದಲ್ಲಿ ಇನ್ನೊಬ್ಬನು ಕುಳಿತು ಅದನ್ನು ಮತ್ತೆ ಎಣಿಸಿಕೊಡುವುದೇತಕ್ಕೆ? ಡಬಲ್ ಬೇಸಿನ ಮೀಟಾದರೋ ಬರೋಕ್ ಸಂಗೀತದ ಎಡೆಬಿಡದೆ ನಡೆಯುವ ಮಂದ್ರದ ಎಳೆಗೆ ಚೆನ್ನಾಗಿ ಹೊಂದುತ್ತದೆ. ಅದನ್ನು ಯಾರೂ ಬೇಡವೆನ್ನಲಾರರು. ಡ್ರಮ್ಮು ಮಾತ್ರ ಭಿನ್ನಭಿನ್ನ ಸ್ವಭಾವದ ಕೃತಿಗಳಿಗೆಲ್ಲ ಒಂದೇ ಅಂಗಿಯನ್ನು ತೊಡಿಸಿಬಿಡುತ್ತದೆ. ಮುದ್ರಿಕೆಯನ್ನು ಒಂದೇ ಸಮನೆ ಕೇಳಿದವರಿಗೆ ಅರ್ಧ ಗಂಟೆಯಲ್ಲಿ ಬೇಸರ ಹುಟ್ಟುವುದಕ್ಕೆ ಇದೇ ಕಾರಣ. ಮೊದಲ ಜಯದ ಅಮಲಿನಲ್ಲಿ ತಂಡವು 1965ರಲ್ಲಿ ಮೊಟ್ಸಾರ್ಟನಿಗೂ ಕೈಹಾಕಿತು. ಅಲ್ಲಿ ಬೇರೆ ತೊಂದರೆ. ಮೊಟ್ಸಾರ್ಟನಲ್ಲಿ ಅನೇಕ ಕಡೆ ಮೇಲಿನ ಎಳೆಯೊಂದು ಹಾಡುತ್ತದೆ, ಕೆಳಗಿನವು ಅದನ್ನು ಹೊರುತ್ತವೆ. ಹೊರುವ ಎಳೆಗಳನ್ನು ಹಾಡುವವರಿಗೆ ಹೇಳಲು ಸ್ವಂತದ್ದೇನೂ ಇಲ್ಲದೆ ಅಕ್ಷರಗಳು ನಿಜವಾಗಿಯೇ ತೊದಲಾಗಿ ಕೇಳಿಸುತ್ತವೆ. ಮಡಿವಂತರು ಈ ದೋಷವನ್ನು ಹಿಡಿದು ಬರೆದಿದ್ದರೆ ನಾವು ಸಹಿ ಹಾಕುತ್ತಿದ್ದೆವು. ಅವರು ಅಷ್ಟು ಹೊತ್ತು ಕೇಳುವುದೇ ಇಲ್ಲ.

ಎದುರು ದಂಡೆಯಲ್ಲಿ ಜಾಝಿನ ಮಡಿವಂತರೂ ಇದ್ದಾರೆ. ಮನೋಧರ್ಮವಿಲ್ಲದ್ದು ಜಾಝೇ ಅಲ್ಲವೆಂದು ಅವರ ಗೊಣಗಾಟ. ಇರಬಹುದು. ಝಾಕ್ ಲೂಸಿಯೇ 1959ರಿಂದ ಪಿಯಾನೋದಲ್ಲಿ ಬಾಖನನ್ನಿಟ್ಟುಕೊಂಡು ಮನೋಧರ್ಮ ನಡೆಸಿದನು. ಆ ದಾರಿ ಬೇರೆ. ಹೆಸರಿನ ಚೀಟಿಯನ್ನು ಅಂಗಡಿಯವರು ಅಂಟಿಸುತ್ತಾರೆ, ಅದರ ಮೇಲೆ ಜಗಳವಾಡಿ ಫಲವಿಲ್ಲ.

ನಮ್ಮ ಶುದ್ಧಾಚಾರದ ಮಹನೀಯರು ತಾವು ಉಣ್ಣುವ ಎಲೆಯನ್ನು ಒಮ್ಮೆ ನೋಡಿಕೊಳ್ಳಬೇಕು. “ಏರ್ ಆನ್ ದಿ ಜಿ ಸ್ಟ್ರಿಂಗ್” ಎಂದು ಅವರು ಭಕ್ತಿಯಿಂದ ಹೇಳುವ ಹೆಸರು ಬಾಖನದಲ್ಲ. ಅವನು ಮೂರನೆಯ ವಾದ್ಯವೃಂದ ಸೂಟಿನಲ್ಲಿ ಪಿಟೀಲುಗಳ ಏರುಸ್ಥಾಯಿಗೆಂದು ಬರೆದುದನ್ನು ಆಗುಸ್ಟ್ ವಿಲ್ಹೆಲ್ಮಿ ಎಂಬ ಪಿಟೀಲು ವಿದ್ವಾಂಸನು 1871ರಲ್ಲಿ ಶ್ರುತಿ ಬದಲಿಸಿ, ಕೆಳಕ್ಕಿಳಿಸಿ, ಒಂದೇ ತಂತಿಯ ಮೇಲೆ ನುಡಿಸುವಂತೆ ಮಾಡಿದನು. ಹೆಸರು ಆ ಕೈಚಳಕದಿಂದ ಬಂದುದು. ಸ್ವಿಂಗಲನ ಮುದ್ರಿಕೆಯಲ್ಲಿ ಅದೇ ರಾಗವನ್ನು ಕ್ರಿಸ್ತಿಯಾನ್ ಲೆಗ್ರಾಂ ಹಾಡಿದಾಗ ಅದು ಬಾಖನು ಇಟ್ಟ ಎತ್ತರದ ಕಡೆಗೇ ಮರಳಿ ಏರಿತು. ಬೆಂಗಳೂರಿನ ಮಕ್ಕಳು ಲಂಡನ್ನಿನ ಪರೀಕ್ಷಾಮಂಡಲಿಗಳ ಪಠ್ಯವನ್ನನುಸರಿಸಿ ಪಿಯಾನೋ ಮೇಲೆ ಬಾಖನನ್ನು ಒಪ್ಪಿಸುತ್ತಾರಷ್ಟೆ. ಆಧುನಿಕ ಪಿಯಾನೋವನ್ನು ಬಾಖನು ಕಂಡವನೇ ಅಲ್ಲ. ಈ ವಾದ್ಯಾಂತರವು ಮೈಲಿಗೆಯಾಗದೆ ಕಂಠಾಂತರವೊಂದೇ ಮೈಲಿಗೆಯಾಗುವುದು ಯಾವ ಧರ್ಮಶಾಸ್ತ್ರದ ಪ್ರಕಾರ?

ಈ ಎಂಟು ಗಂಟಲುಗಳ ವಿದ್ಯೆಯು ಬರಿಯ ಚಮತ್ಕಾರವಾಗಿ ಮುಗಿದುಹೋಗಲಿಲ್ಲವೆಂಬುದಕ್ಕೂ ದಾಖಲೆಯಿದೆ. ಇಟಲಿಯ ಲೂಚಾನೋ ಬೇರಿಯೋ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಸಂಸ್ಥೆಗಾಗಿ ರಚಿಸಿದ “ಸಿನ್ಫೋನಿಯಾ” 1968ರಲ್ಲಿ ಮೊದಲು ಪ್ರಯೋಗವಾಯಿತು; ದೊಡ್ಡ ವಾದ್ಯವೃಂದದ ನಡುವೆ ಮೈಕ್ರೊಫೋನು ಹಿಡಿದ ಎಂಟು ಕಂಠಗಳನ್ನು ಅವನು ಈ ತಂಡವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದನು. ಬಾಖನನ್ನು ಹಾಡಿ ಪಳಗಿದ ನಾಲಗೆಗಳು ಆ ಶತಮಾನದ ಅತಿ ಕಠಿನವಾದ ಕೃತಿಗಳಲ್ಲೊಂದಕ್ಕೆ ಒದಗಿದುವು. ಪ್ಯಾರಿಸಿನ ತಂಡ 1973ರಲ್ಲಿ ಚದುರಿತು. ಸ್ವಿಂಗಲನು ಲಂಡನ್ನಿಗೆ ಹೋಗಿ ಹೊಸ ಗಾಯಕರನ್ನು ಕೂಡಿಸಿದನು; 2015ರಲ್ಲಿ ಅವನು ತೀರಿಕೊಂಡ ಮೇಲೂ ಆ ಪರಂಪರೆ ನಿಂತಿಲ್ಲ.

ಕೊನೆಗೆ ಪಿಯಾನೋ ಉಪಾಧ್ಯಾಯರನ್ನು ಒಂದು ಮಾತು ಕೇಳಬೇಕಾಗಿದೆ. ಬಾಖನ ಎರಡೆಳೆಯ ರಚನೆಗಳನ್ನು ಕಲಿಸುವಾಗ, ಶಿಷ್ಯನ ಎರಡು ಕೈಗಳೂ ಒಂದರ ಹಿಂದೊಂದು ಎಡವತೊಡಗಿದರೆ, ಬಲ್ಲ ಉಪಾಧ್ಯಾಯರು ಹೂಡುವ ಹಳೆಯ ಉಪಾಯವೊಂದಿದೆ: ಮೇಲಿನ ಎಳೆಯನ್ನು ಕೈಯಲ್ಲಿ ಬಾರಿಸು, ಕೆಳಗಿನದನ್ನು ಬಾಯಲ್ಲಿ ಹಾಡು; ಬಳಿಕ ಅದಲುಬದಲು ಮಾಡು. ಮಗು ಹಾಗೆಯೇ ಹಾಡುತ್ತದೆ. ನಾಲ್ಕು ದಿನದಲ್ಲಿ ಎಳೆಗಳು ಕಿವಿಯಲ್ಲಿ ಬೇರೆಬೇರೆಯಾಗುತ್ತವೆ. ಬೆಳಿಗ್ಗೆ ಇದನ್ನು ಮಾಡಿಸಿ, ಸಂಜೆ ಸ್ವಿಂಗಲನ ಮುದ್ರಿಕೆಯನ್ನು ಅಪಚಾರವೆಂದು ಜರೆಯುವ ಉಪಾಧ್ಯಾಯರು, ಆ ಮಗು ಬಾಖನನ್ನು ಯಾವ ಅಕ್ಷರಗಳಿಂದ ಹಾಡಿತೆಂಬುದನ್ನು ದಯವಿಟ್ಟು ನೆನಪುಮಾಡಿಕೊಳ್ಳಲಿ. “ಲಾ ಲಾ” ಎಂದೋ, “ದ ದ” ಎಂದೋ ಹಾಡಿರಬೇಕು. ಜರ್ಮನ್ ಭಾಷೆಯ ವೇದವಾಕ್ಯಗಳಿಂದಂತೂ ಹಾಡಿರಲಾರದು.